ಏಳು ವರ್ಷದ ಎಡಗೈ

ಮೊಮ್ಮಗಳು ಬಿಟ್ಟುಹೋದ ಟ್ಯಾಬ್ಲೆಟ್ಟು. ಮೂಲೆಯಲ್ಲೊಂದು ಬಿರುಕು.
"ಎಸೆಯಬೇಕೆಂದಿದ್ದೆ ಅಜ್ಜಿ, ಇಟ್ಟುಕೋ ಬೇಕಾದರೆ.
ಚೀಟಿ ಬರೆದುಕೋ, ದಿನಚರಿ ಬರೆದುಕೋ,
ತಪ್ಪಿದರೆ ಎರಡು ಬೆರಳಲ್ಲಿ ಹೀಗೆ ತಟ್ಟು,
ತಪ್ಪೇ ಇರುವುದಿಲ್ಲ."

ಇದನ್ನು ಹೇಳಲು ಅರವತ್ತೆರಡು ವರ್ಷ ತಡಮಾಡಿದಳು ಹುಡುಗಿ.

ನಾನು ಫೆಲಿಜ್ಮಿನಾ. ಸೆತೂಬಲ್ ಬಂದರಿನ
ಸಾರ್ಡೀನ್ ಕಾರ್ಖಾನೆಯಲ್ಲಿ ಡಬ್ಬಿಗಳ ಲೆಕ್ಕ ಬರೆದವಳು,
ಇಪ್ಪತ್ತೆಂಟು ವರ್ಷ, ಬಲಗೈಯಲ್ಲಿ.
ಒಳ್ಳೆಯ ಗುಮಾಸ್ತ ಕೈ ಅದು. ಸೊನ್ನೆಗಳೆಲ್ಲ
ಒಂದೇ ಅಚ್ಚಿನ ಮೀನಿನ ಕಣ್ಣು.
ಆದರೆ ಹುಟ್ಟಿದ್ದು ಎಡಚಿಯಾಗಿ.

ಎಡಗೈ ಬರೆಯುತ್ತ ಹೋದಂತೆ
ಅದರದೇ ಅಂಚು ಹಿಂದೆಯೇ ಬಂದು ಒರೆಸುತ್ತಿತ್ತು.
ಪುಟವೆಲ್ಲ ನೀಲಿ, ಕಿರುಬೆರಳಿನ ಮಗ್ಗುಲೂ ನೀಲಿ.
ಡೋನಾ ಎಉಲಾಲಿಯಾ ಕೈ ತಿರುಗಿಸಿ ನೋಡುತ್ತಿದ್ದಳು,
ಕಳ್ಳನ ಜೇಬು ನೋಡುವ ಹಾಗೆ.
ಮೇಜಿನ ಖಾನೆಯಲ್ಲಿ ಮರದ ಹಲಗೆ, ಐದು ತೂತಿನದು.
ನಾವದಕ್ಕೆ ಐದು ಕಣ್ಣಿನ ಹುಡುಗಿ ಎನ್ನುತ್ತಿದ್ದೆವು.
ಐದೂ ಕಣ್ಣು ತೆರೆದು ನೋಡುತ್ತಿದ್ದಳು ಅವಳು
ನನ್ನ ಅಂಗೈಯೊಂದನ್ನೇ.
ಎಡವಿದ್ದಕ್ಕೆಲ್ಲ ಎಡಗೈಯೇ ಸಾಕ್ಷಿ.

ಈ ಗಾಜಿಗೋ ಅಂಗೈ ಕಾಣುವುದೇ ಇಲ್ಲವಂತೆ.
ಪೂರ್ತಿ ಊರಿ ಕೂತರೂ, ಬೆವರಿದರೂ, ನಡುಗಿದರೂ
ಲೆಕ್ಕಕ್ಕಿಲ್ಲ. ಪೆನ್ನಿನ ತುದಿ ಮಾತ್ರ ಲೆಕ್ಕಕ್ಕೆ.
ಯಾರೂ ಇರಲಿಲ್ಲ ಮನೆಯಲ್ಲಿ. ಆದರೂ ಕಿಟಕಿಯ ಪರದೆ ಎಳೆದು,
ಪೆನ್ನನ್ನು ಎಡಕ್ಕೆ ದಾಟಿಸಿದೆ.

ಬರೆದದ್ದೇನು? 'ಬೆಕ್ಕು.'
ಆಮೇಲೆ 'ಬೆಕ್ಕು ಬಾಗಿಲಲ್ಲಿದೆ.'
ಅಕ್ಷರಗಳು ದಪ್ಪ, ಸಾಲಿಗೆರಡು ಪದ,
ಕೊನೆಯ ಅಕ್ಷರ ಅಂಚಿಗೆ ತಗುಲಿ ಬಾಲ ಮಡಚಿಕೊಂಡಿದೆ.
ನೋಡುತ್ತ ಕೂತೆ. ಇದು ನನ್ನ ಅಕ್ಷರವಲ್ಲ,
ಅಥವಾ ನನ್ನದೇ, ಬಿಟ್ಟಲ್ಲೇ ನಿಂತಿದ್ದದ್ದು.
ನನಗೆ ಅರವತ್ತೊಂಬತ್ತು. ಈ ಕೈಗಿನ್ನೂ ಏಳು.

ಅದಕ್ಕೆ ಅರ್ಮಿಂದೊ ಯಾರೆಂದು ಗೊತ್ತಿಲ್ಲ.
ಅವನ ಹೆಸರು ಬರೆಯುವಾಗ ನಡುವೆ ನಿಂತು ನನ್ನ ಮುಖ ನೋಡಿತು.
ಕಾರ್ಖಾನೆ ಮುಚ್ಚಿದ್ದು ಗೊತ್ತಿಲ್ಲ,
ಅಲ್ಲೀಗ ಹೋಟೆಲು, ನಾವು ಮೀನಿನ ತಲೆ ಕಡಿಯುತ್ತಿದ್ದಲ್ಲಿ
ಬಿಳಿ ಟವೆಲುಗಳ ಹಂಸ ಮಡಚಿಡುತ್ತಾರೆ ಎಂಬುದೂ.
ಮಾತ್ರೆಯ ಹೊತ್ತು, ಕರೆಂಟು ಬಿಲ್ಲು, ಮೊಣಕಾಲು ನೋವು,
ಇವನ್ನೆಲ್ಲ ಬರೆಸಿದರೆ ಬೇಸರಪಟ್ಟು
ಅಂಚಿನಲ್ಲೊಂದು ದೋಣಿ ಗೀಚುತ್ತದೆ.

ಕೈಬರಹವನ್ನು ಅಚ್ಚಕ್ಷರ ಮಾಡುವ ಗುಂಡಿಯೊಂದಿದೆ. ಒತ್ತಿ ನೋಡಿದೆ.
ನಾನು ಬರೆದದ್ದು 'ಸಾಲ್', ಉಪ್ಪು ಮುಗಿದಿತ್ತು, ತರಬೇಕಿತ್ತು.
ಅದು ಓದಿದ್ದು 'ಸೋಲ್'. ಬಿಸಿಲು ಅಂತ.
ಬಿಸಿಲು ತರಬೇಕು, ಅರ್ಧ ಕಿಲೋ.
ತಿದ್ದಲಿಲ್ಲ.

ಒಂದು ರಾತ್ರಿ ನಿದ್ದೆ ಬಾರದೆ ಎರಡು ಬೆರಳಲ್ಲಿ ತಟ್ಟುತ್ತ ಹೋದೆ.
ದೋಣಿ ಹೋಯಿತು, ಬಿಲ್ಲು ಹೋಯಿತು,
ಅರ್ಮಿಂದೊ ಬಾಲದಿಂದ ತಲೆಗೆ ಒಂದೊಂದೇ ಗೆರೆ ಕಳಚಿ ಹೋದ.
ತಟ್ಟಿದೆ, ಇನ್ನೂ ತಟ್ಟಿದೆ,
ಬಿಳಿ ಹಾಳೆಯ ಆಚೆಗೆ ಅದು ಹೋಗಲೊಲ್ಲದು.
ಆ ಮೇಜಿನ ಖಾನೆಯವರೆಗೆ ಹೋಗಲೊಲ್ಲದು.
ಗಾಬರಿಯಾಗಿ ಎಲ್ಲವನ್ನೂ ಮರಳಿ ತಂದೆ.
ಅವನೂ ಬಂದ, ಮೊದಲು 'ಅ', ಸ್ವಲ್ಪ ವಾಲಿ.

ಬರೆದು ಮುಗಿಸಿದ ಮೇಲೆ ಈಗಲೂ
ಕೈಯ ಅಂಚು ತಿರುಗಿಸಿ ನೋಡುತ್ತೇನೆ.
ಒಂದಿಷ್ಟೂ ನೀಲಿಯಿಲ್ಲ.
ಇಷ್ಟು ಸ್ವಚ್ಛವಾಗಿರುವುದು ಯಾಕೋ
ಸುಳ್ಳು ಹೇಳಿ ಬಂದಂತೆ.

ಪಾಪ ಬಲಗೈ. ಅದೀಗ ಟ್ಯಾಬ್ಲೆಟ್ಟು ಜಾರದಂತೆ ಹಿಡಿದಿರುತ್ತದೆ,
ಬಿರುಕಿನ ಮೂಲೆಯ ಮೇಲೆ ಹೆಬ್ಬೆರಳಿಟ್ಟು.
ತಿಂಗಳಿಗೊಮ್ಮೆ ಪಿಂಚಣಿ ಕಚೇರಿಯಲ್ಲಿ ಸಹಿ ಮಾತ್ರ ಅದರದೇ.
ಕಿಟಕಿಯಾಚೆಯ ಹುಡುಗ ನೋಡಿ ಹೇಳುತ್ತಾನೆ,
"ಎಂಥ ಚಂದದ ಅಕ್ಷರ, ಸೆನ್ಯೋರಾ."
ಎಡಗೈ ಕೋಟಿನ ಜೇಬಿನೊಳಗೆ
ಬಸ್ಸಿನ ಟಿಕೇಟು ಮಡಚುತ್ತಿರುತ್ತದೆ, ದೋಣಿಯಾಗಿ.